ಒಂದು ಗೆರೆ, ಒಂದು ಪ್ಯಾಡ್: ಮಾತ್ರೆಯಿಂದ ಗರ್ಭಪಾತ ಮಾಡಿಸಿಕೊಂಡ ಆರು ವಾರ

ಕ್ಲಿನಿಕ್‌ನಲ್ಲಿ ಕೊಟ್ಟ ಸೂಚನೆಗಳ ಹಾಳೆ ಈಗ ನನ್ನ ಮುಂದಿದೆ. ಅದರ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಎಳೆದ ಗೆರೆಗಳಿವೆ. ಒಂದೊಂದು ಗೆರೆ ಒಂದೊಂದು ಪ್ಯಾಡ್, ಪಕ್ಕದಲ್ಲಿ ಟೈಮ್. ಮೊದಲ ದಿನದ ಗೆರೆಗಳು ನೆಟ್ಟಗಿವೆ. ಹದಿಮೂರನೇ ದಿನದ ಐದು ಗೆರೆಗಳು ಸೊಟ್ಟಗಿವೆ. ಅವನ್ನು ಎಳೆಯುವಾಗ ಕೈ ನಡುಗುತ್ತಿತ್ತು.

ಮಾತ್ರೆ ತೆಗೆದುಕೊಂಡ ಬಹುಪಾಲು ಹೆಂಗಸರಿಗೆ ಹದಿಮೂರನೇ ದಿನ ನನ್ನ ಹಾಗೆ ವಿಪರೀತ ರಕ್ತ ಹೋಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೂರರಲ್ಲಿ ತೊಂಬತ್ತೈದು ಜನಕ್ಕೆ, ಅದಕ್ಕಿಂತ ಜಾಸ್ತಿ ಜನಕ್ಕೂ, ಮಾತ್ರೆಯಲ್ಲೇ ಎಲ್ಲ ಮುಗಿಯುತ್ತದೆ. ನನಗೆ ಮುಗಿಯಲಿಲ್ಲ. ಯಾವುದು ಸಹಜ, ಯಾವಾಗ ಓಡಬೇಕು ಎನ್ನುವುದು ಆ ರಾತ್ರಿ ನನಗೆ ಸರಿಯಾಗಿ ತಿಳಿದಿದ್ದರೆ ಇನ್ನೂ ಬೇಗ ಹೊರಡುತ್ತಿದ್ದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಯಾಕೆ ಈ ನಿರ್ಧಾರ ಎನ್ನುವುದನ್ನು ಬರೆಯುವುದಿಲ್ಲ. ನಾನೂ ನನ್ನ ಗಂಡನೂ ಕೂತು ಮಾತಾಡಿ ತೆಗೆದುಕೊಂಡದ್ದು. ನಮಗೆ ಮೂರು ವರ್ಷದ ಮಗ ಇದ್ದಾನೆ.

ಕ್ಲಿನಿಕ್‌ನಲ್ಲಿ ಮೊದಲ ದಿನ ಮೂರು ಗಂಟೆಗೂ ಜಾಸ್ತಿ ಕಾದೆ. ಅದರಲ್ಲಿ ಹೆಚ್ಚು ಹೊತ್ತು ಸ್ಕ್ಯಾನ್ ಕೋಣೆಯ ಹೊರಗೆ. ಸುತ್ತ ತುಂಬು ಗರ್ಭಿಣಿಯರು, ಅವರ ಅಮ್ಮಂದಿರು, ಗಂಡಂದಿರು. ಪಕ್ಕದಲ್ಲಿದ್ದವರು ಎಷ್ಟು ತಿಂಗಳು ಅಂತ ಪ್ರೀತಿಯಿಂದಲೇ ಕೇಳಿದರು. ಬಾಯಿಂದ ಮಾತು ಬರಲಿಲ್ಲ. ಎದ್ದು ಹೋಗಿ ಕಿಟಕಿ ಹತ್ತಿರ ನಿಂತೆ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಕಾಯುವಾಗ ಒಬ್ಬರೇ ಇರುವುದು ತುಂಬಾ ಕಷ್ಟ.

ಸ್ಕ್ಯಾನ್ ಯಾಕೆ ಅಂತ ನನಗೆ ಆಮೇಲೆ ಗೊತ್ತಾಯಿತು. ಎಷ್ಟು ವಾರ ಅಂತ ನೋಡುವುದು ಒಂದು. ಬಸಿರು ಗರ್ಭಕೋಶದ ಒಳಗೇ ಇದೆಯಾ ಅಂತ ನೋಡುವುದು ಇನ್ನೊಂದು. ಕೆಲವೊಮ್ಮೆ ಅದು ಗರ್ಭನಾಳದಲ್ಲಿ ನಿಂತಿರುತ್ತದೆ. ಆಗ ಈ ಮಾತ್ರೆ ಕೆಲಸ ಮಾಡುವುದಿಲ್ಲ. ನಾಳ ಒಡೆದರೆ ಒಳಗೇ ರಕ್ತ ಹೋಗುತ್ತದೆ, ಹೊರಗೆ ಕಾಣಿಸುವುದೇ ಇಲ್ಲ. ನನ್ನದು ಗರ್ಭಕೋಶದಲ್ಲೇ ಇತ್ತು, 6 ವಾರ 5 ದಿನ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.8 ಬಂತು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತೀರಾ, ಗಾಯವಾದರೆ ರಕ್ತ ಬೇಗ ನಿಲ್ಲೋದಿಲ್ವಾ, ತುಂಬಾ ದಿನದಿಂದ ಸ್ಟೀರಾಯ್ಡ್ ತಗೊಳ್ತಿದ್ದೀರಾ, ಒಳಗೆ ಕಾಪರ್-ಟಿ ಇದೆಯಾ ಅಂತ ಡಾಕ್ಟರ್ ಒಂದೊಂದಾಗಿ ಕೇಳಿದರು. ಇಂಥ ಪ್ರಶ್ನೆಗೆ ನಾಚಿಕೆಯಿಂದಲೋ ಅವಸರದಿಂದಲೋ ಸುಮ್ನೆ ‘ಇಲ್ಲ’ ಅಂದುಬಿಡಬೇಡಿ. ಮಾತ್ರೆ ಕೊಡಬಹುದೋ ಬೇಡವೋ ಎನ್ನುವುದು ಅದರ ಮೇಲೆಯೇ ನಿಂತಿದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಅದರಲ್ಲಿ ಒಂದು ಸಾಲಿತ್ತು. ಮಾತ್ರೆಯಿಂದ ಪೂರ್ತಿ ಆಗದಿದ್ದರೆ ಗರ್ಭಕೋಶ ಸ್ವಚ್ಛ ಮಾಡಬೇಕಾಗಬಹುದು ಅಂತ. ಅದನ್ನು ಓದಿ ಮುಂದೆ ಹೋದೆ. ನನಗೆ ಅಂಥದ್ದೇನೂ ಆಗುವುದಿಲ್ಲ ಅಂತ ಅನ್ನಿಸಿತ್ತು.

ಮೊದಲ ಮಾತ್ರೆ ಮಿಫೆಪ್ರಿಸ್ಟೋನ್, 200 ಮಿಲಿಗ್ರಾಂ. ಅಲ್ಲೇ ನೀರು ಕುಡಿದು ನುಂಗಿದೆ. ಬಸಿರು ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಕೆಲಸವನ್ನು ಇದು ತಡೆಯುತ್ತದೆ. ಅವತ್ತು ರಾತ್ರಿಯೆಲ್ಲ ರಕ್ತ ಬರುತ್ತದೆ ಅಂತ ಕಾಯುತ್ತಾ ಮಲಗಿದ್ದೆ. ಏನೂ ಬರಲಿಲ್ಲ. ಹೆಚ್ಚಿನವರಿಗೆ ಹೀಗೇ ಅಂತೆ, ಕೆಲವರಿಗೆ ಒಂದೆರಡು ಹನಿ ಕಾಣಿಸುತ್ತದೆ. ರಕ್ತ ಬಂದರೂ ಬಾರದಿದ್ದರೂ ಎರಡನೇ ಮಾತ್ರೆ ಬಿಡುವ ಹಾಗಿಲ್ಲ.

ಎರಡನೆಯದು ಮಿಸೊಪ್ರೊಸ್ಟಾಲ್. 200 ಮೈಕ್ರೋಗ್ರಾಂನ ನಾಲ್ಕು ಮಾತ್ರೆ, ಒಟ್ಟು 800. ಮೊದಲ ಮಾತ್ರೆ ನುಂಗಿದ 24ರಿಂದ 48 ಗಂಟೆಯ ನಡುವೆ ತೆಗೆದುಕೊಳ್ಳಬೇಕು. ನಾನು ಮನೆಯಲ್ಲೇ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟುಕೊಂಡೆ. ಈ ಕೆನ್ನೆಗೆ ಎರಡು, ಆ ಕೆನ್ನೆಗೆ ಎರಡು. ಅರ್ಧ ಗಂಟೆ ಹಾಗೇ ಇಟ್ಟುಕೊಂಡು, ಉಳಿದ ಹಿಟ್ಟನ್ನು ನೀರಿನ ಜೊತೆ ನುಂಗಬೇಕು. ಡಾಕ್ಟರ್ ಬರೆದುಕೊಟ್ಟ ಐಬುಪ್ರೊಫೆನ್ ಅನ್ನು ಅದಕ್ಕೂ ಮೊದಲೇ ತಗೊಂಡಿದ್ದೆ. ನೋವು ಏರಿದ ಮೇಲೆ ತಗೊಳ್ಳುವುದಕ್ಕಿಂತ ಮೊದಲೇ ತಗೊಂಡರೆ ಒಳ್ಳೇದು. ಈ ನೋವಿಗೆ ಪ್ಯಾರಾಸಿಟಮಾಲ್ ಅಷ್ಟು ಸಾಲುವುದಿಲ್ಲ. ಆಸ್ಪಿರಿನ್ ಬೇಡ ಅಂದಿದ್ದರು, ಅದು ರಕ್ತಸ್ರಾವ ಹೆಚ್ಚಿಸಬಹುದು.

ಒಂದೂವರೆ ಗಂಟೆ ಏನೂ ಇಲ್ಲ. ಆಮೇಲೆ ಚಳಿ ಶುರುವಾಯಿತು. ಹಲ್ಲು ಕಟಕಟ ಅನ್ನುವಷ್ಟು ಚಳಿ. ಹೊದಿಕೆ ಹೊದ್ದರೂ ನಡುಕ ನಿಲ್ಲಲಿಲ್ಲ. ಹಿಂದೆಯೇ ಭೇದಿ, ಒಮ್ಮೆ ವಾಂತಿ. ಇದೆಲ್ಲ ಆ ಮಾತ್ರೆಯದೇ ಪ್ರಭಾವ, ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಹನ್ನೊಂದೂವರೆ ಹೊತ್ತಿಗೆ ಕಿಬ್ಬೊಟ್ಟೆ ಹಿಂಡಲು ಶುರು. ಹೆರಿಗೆ ನೋವಿನಷ್ಟಲ್ಲ, ಆದರೆ ಅದೇ ಜಾತಿಯ ನೋವು. ಅಲೆಯ ಹಾಗೆ ಬಂದು ಹೋಗುತ್ತಿತ್ತು. ಬಿಸಿನೀರಿನ ಚೀಲ ಹೊಟ್ಟೆ ಮೇಲೆ ಇಟ್ಟುಕೊಂಡು ಒಂದು ಮಗ್ಗುಲಿಗೆ ಮಲಗಿದರೆ ಸ್ವಲ್ಪ ತಡೆಯುತ್ತಿತ್ತು.

ಹನ್ನೆರಡಕ್ಕೆ ರಕ್ತ. ಸಾಮಾನ್ಯವಾಗಿ ಮಿಸೊಪ್ರೊಸ್ಟಾಲ್ ಆದಮೇಲೆ ಒಂದರಿಂದ ನಾಲ್ಕು ಗಂಟೆಯೊಳಗೆ ಶುರುವಾಗುತ್ತದೆ. ಮುಟ್ಟಿಗಿಂತ ಜಾಸ್ತಿ ಇರುತ್ತದೆ ಅಂತ ಹೇಳಿದ್ದರು. ಆದರೂ ಎಷ್ಟು ಜಾಸ್ತಿ ಅಂತ ಕಣ್ಣಿಂದ ನೋಡುವವರೆಗೆ ಗೊತ್ತಾಗುವುದಿಲ್ಲ. ಎದ್ದು ನಿಂತ ಕೂಡಲೇ ದಬ್ ಅಂತ ಒಂದು ಗಡ್ಡೆ ಬಿತ್ತು. ಕಡುಗೆಂಪು, ಹೊಳಪು, ನಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕದು. ಕಾಲು ಸೋತ ಹಾಗಾಗಿ ಗೋಡೆ ಹಿಡಿದು ನಿಂತೆ. ನಿಂಬೆಹಣ್ಣಿನಷ್ಟು ಗಾತ್ರದವರೆಗೆ ಗಡ್ಡೆ ಹೋಗುವುದು ಈ ಹಂತದಲ್ಲಿ ಸಹಜ. ಬೂದು ಬಣ್ಣದ ಅಂಗಾಂಶ ಕಾಣಬಹುದು, ಕಾಣದೆಯೂ ಇರಬಹುದು. ನೋಡಲೇಬೇಕು ಅಂತೇನಿಲ್ಲ. ನಾನು ನೋಡಿದೆ, ಅತ್ತುಬಿಟ್ಟೆ. ನಿರ್ಧಾರದ ಬಗ್ಗೆ ಅನುಮಾನವಿರಲಿಲ್ಲ, ಆದರೂ ಅಳು ಬಂತು.

ಮೊದಲ ಎರಡು ಗಂಟೆಯಲ್ಲಿ ಮೂರು ಪ್ಯಾಡ್ ತೊಯ್ದವು. ಹಾಳೆಯಲ್ಲಿ ಮೂರು ಗೆರೆ. ನಾಲ್ಕು ಗಂಟೆ ಹೊತ್ತಿಗೆ ನೋವು ಇಳಿಯಿತು, ರಕ್ತವೂ ಇಳಿಯಿತು. ಸಂಜೆ ಮಗ ಬಂದು ಪಕ್ಕದಲ್ಲಿ ಮಲಗಿದ. ಮುಗಿಯಿತು ಅಂದುಕೊಂಡೆ.

ಆ ಮೂರು ಗೆರೆ ಎಳೆಯಲು ಕಾರಣ ಒಬ್ಬ ನರ್ಸ್. ಕ್ಲಿನಿಕ್‌ನಿಂದ ಹೊರಡುವಾಗ ಅವರು ಹಾಳೆಯ ಮೇಲೆ ಒಂದು ಸಾಲಿಗೆ ಪೆನ್ನಿನಿಂದ ಸುತ್ತು ಹಾಕಿದ್ದರು: ದೊಡ್ಡ ಪ್ಯಾಡ್, ಗಂಟೆಗೆ ಎರಡು ಅಥವಾ ಹೆಚ್ಚು, ಸತತ ಎರಡು ಗಂಟೆ. ಹಾಗಾದರೆ ತಕ್ಷಣ ಬರಬೇಕು. "ರಕ್ತ ನೋಡಿದಾಗ ಎಲ್ಲರಿಗೂ ಜಾಸ್ತಿ ಅಂತಲೇ ಅನ್ಸುತ್ತೆ. ನೀವು ಎಣಿಸಿ, ಟೈಮ್ ಬರೀರಿ" ಅಂದಿದ್ದರು. ಪ್ಯಾಡ್ ತೊಯ್ಯುವುದು ಅಂದರೆ ಮುಂದಿನಿಂದ ಹಿಂದಿನವರೆಗೆ, ಅಂಚಿನಿಂದ ಅಂಚಿಗೆ ಪೂರ್ತಿ ನೆನೆಯುವುದು. ನಡುವೆ ಕಲೆ ಆದದ್ದು ಲೆಕ್ಕಕ್ಕಿಲ್ಲ.

ಮುಂದಿನ ಹತ್ತು ಹನ್ನೆರಡು ದಿನ ರಕ್ತ ಒಂದು ಹದಕ್ಕೆ ಬರಲೇ ಇಲ್ಲ. ಒಂದು ದಿನ ಕಂದು ಕಲೆ ಮಾತ್ರ. ಮರುದಿನ ಮತ್ತೆ ಕೆಂಪು. ಬೆಳಿಗ್ಗೆ ಎದ್ದು ನಿಂತಾಗ ಒಮ್ಮೆಲೇ ಹರಿದು ಬರುತ್ತಿತ್ತು, ಆಮೇಲೆ ದಿನವೆಲ್ಲ ಕಡಿಮೆ. ಮಲಗಿದಾಗ ಒಳಗೆ ನಿಂತದ್ದು ಎದ್ದಾಗ ಇಳಿಯುತ್ತದೆ, ಅಷ್ಟೇ. ಮಗನನ್ನು ಎತ್ತಿಕೊಂಡು ಓಡಾಡಿದ ದಿನ ಸಂಜೆ ಜಾಸ್ತಿ ಆಗುತ್ತಿತ್ತು. ಒಂದೆರಡು ವಾರ ಹೀಗೆ ನಡೆಯುವುದು ಮಾಮೂಲಿ. ಕೆಲವರಿಗೆ ಮುಂದಿನ ಮುಟ್ಟಿನವರೆಗೂ ಅಲ್ಪಸ್ವಲ್ಪ ಕಾಣಿಸುತ್ತಿರುತ್ತದೆ. ದಿನ ಎಷ್ಟಾಯಿತು ಅನ್ನುವುದಕ್ಕಿಂತ ಗಂಟೆಗೆ ಎಷ್ಟು ಹೋಗುತ್ತಿದೆ ಅನ್ನುವುದೇ ಮುಖ್ಯ. ಇದು ನನ್ನ ತಲೆಗೆ ಸರಿಯಾಗಿ ಇಳಿದಿರಲಿಲ್ಲ. ನಾಲ್ಕನೇ ದಿನಕ್ಕೇ ಗೆರೆ ಎಳೆಯುವುದನ್ನೂ ಬಿಟ್ಟಿದ್ದೆ.

ಹದಿಮೂರನೇ ದಿನ ರಾತ್ರಿ ಹನ್ನೊಂದು ಗಂಟೆಗೆ ಹೊಟ್ಟೆ ಹಿಂಡಿತು. ಶೌಚಾಲಯಕ್ಕೆ ಹೋಗಿ ಕೂತೆ. ಕೂತಲ್ಲೇ ರಕ್ತ ಇಳಿಯತೊಡಗಿತು, ಜೊತೆಗೆ ಗಡ್ಡೆ. ಹತ್ತಿಪ್ಪತ್ತು ನಿಮಿಷ ಹಾಗೇ ಕೂತಿದ್ದೆ. ಇಲ್ಲೇ ನಾನು ತಪ್ಪಿದ್ದು. ಶೌಚಾಲಯದಲ್ಲಿ ಹೋದ ರಕ್ತ ಪ್ಯಾಡ್ ಮೇಲೆ ಕಾಣಿಸುವುದಿಲ್ಲ. ‘ಪ್ಯಾಡ್ ಇನ್ನೂ ಒಣಗಿದೆಯಲ್ಲ’ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೆರಿಗೆ ಆದಮೇಲೆ ಇದಕ್ಕಿಂತ ಜಾಸ್ತಿ ಹೋಗಿತ್ತು ಅಂತಲೂ ಅನ್ನಿಸಿತು. ಹೆರಿಗೆಯ ಹೊತ್ತಿನಲ್ಲಿ ಸುತ್ತ ಡಾಕ್ಟರು, ನರ್ಸು ಇದ್ದರು. ಈಗ ಮನೆಯಲ್ಲಿ ಮಧ್ಯರಾತ್ರಿ ಒಬ್ಬಳೇ ಬಾಗಿಲು ಹಾಕಿಕೊಂಡು ಕೂತಿದ್ದೆ. ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

11.40ಕ್ಕೆ ಹೊಸ ಪ್ಯಾಡ್ ಹಾಕಿ ಹಾಸಿಗೆಗೆ ಬಂದೆ. 12.05ಕ್ಕೆ ಅದು ತುಂಬಿತ್ತು. ಆಗ ಹಾಳೆ ನೆನಪಾಯಿತು. ಹುಡುಕಿ ತಂದು ಮೊದಲ ಸೊಟ್ಟ ಗೆರೆ ಎಳೆದೆ.

ಹಾಳೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ಬ್ಲೀಡಿಂಗ್ ಜಾಸ್ತಿ ಆಗ್ತಿದೆ" ಅಂದೆ. "ಮಾತ್ರೆ ತಗೊಂಡರೆ ಎರಡು ವಾರ ಹಾಗೇ ಇರುತ್ತೆ. ಬೆಳಿಗ್ಗೆ ಬನ್ನಿ" ಅಂದರು. ಎಷ್ಟು ಪ್ಯಾಡ್ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಹಾಗಂದದ್ದು ನನಗೆ ಬೇಕಾಗಿಯೂ ಇತ್ತು. ಮಗನನ್ನು ಎಬ್ಬಿಸುವುದು ಬೇಡ, ಯಾರಿಗೂ ವಿಷಯ ಹೇಳುವುದು ಬೇಡ, ಬೆಳಗಾಗಲಿ ಅಂತ ಫೋನ್ ಇಟ್ಟೆ.

12.30, 12.50, 1.15, 1.35. ಮತ್ತೆ ನಾಲ್ಕು ಗೆರೆ. ಕೊನೆಯದನ್ನು ಎಳೆದು ಎದ್ದಾಗ ಕಣ್ಣು ಕತ್ತಲೆ ಬಂತು. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಗಂಡ ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದೆ.

ಮತ್ತೆ ಫೋನ್ ಮಾಡಿದೆವು. ಈ ಸಲ ಹಾಳೆ ನೋಡಿ ಓದಿದೆ. "ಹದಿಮೂರು ದಿನದ ಹಿಂದೆ ಮಿಸೊಪ್ರೊಸ್ಟಾಲ್ 800 ತಗೊಂಡಿದ್ದೆ. ಹನ್ನೆರಡು ಗಂಟೆಯಿಂದ ಐದು ದೊಡ್ಡ ಪ್ಯಾಡ್ ಪೂರ್ತಿ ತೊಯ್ದಿವೆ. ಅದಕ್ಕೂ ಮೊದಲು ಶೌಚಾಲಯದಲ್ಲಿ ತುಂಬಾ ಹೋಗಿದೆ. ನಿಂತರೆ ಕಣ್ಣು ಕತ್ತಲೆ ಬರ್ತಿದೆ." ಅದೇ ದನಿ. ಆದರೆ ಉತ್ತರ ಬೇರೆ. "ಈಗಲೇ ಹೊರಡಿ. ಮಲಗಿಕೊಂಡೇ ಬನ್ನಿ. ಬಾಯಿಗೆ ಏನೂ ಹಾಕ್ಬೇಡಿ" ಅಂದರು.

ನಾನು ಹೇಳಬೇಕಾದ್ದು ಮುಖ್ಯವಾಗಿ ಇದೇ. ‘ಜಾಸ್ತಿ’ ಅಂದರೆ ಕೇಳುವವರಿಗೆ ಅರ್ಥವಾಗುವುದಿಲ್ಲ. ಎಷ್ಟು ಪ್ಯಾಡ್, ಎಷ್ಟು ಹೊತ್ತಿನಲ್ಲಿ, ಯಾವ ಮಾತ್ರೆ, ಯಾವತ್ತು ಅಂತ ಹೇಳಿ. ಇನ್ನೊಂದು, ನನ್ನ ಹಾಗೆ ತಲೆಸುತ್ತು ಬರುವವರೆಗೆ ಕಾಯಬೇಡಿ. ತಲೆಸುತ್ತು, ಕಣ್ಣು ಕತ್ತಲೆ, ಎದೆ ಡಬಡಬ, ತಣ್ಣಗಿನ ಬೆವರು, ಇವು ಬಂದರೆ ಪ್ಯಾಡ್ ಲೆಕ್ಕ, ಎರಡು ಗಂಟೆ ಲೆಕ್ಕ ಎಲ್ಲ ಬಿಟ್ಟು ಹೊರಡಬೇಕು. ನೀವೇ ಗಾಡಿ ಓಡಿಸುವುದಂತೂ ಬೇಡವೇ ಬೇಡ.

ಪಕ್ಕದ ಮನೆಯವರನ್ನು ಎಬ್ಬಿಸಿ ಮಗನನ್ನು ಬಿಟ್ಟೆವು. ಅವರು ಏನೂ ಕೇಳಲಿಲ್ಲ. ಒಂದು ಹಳೇ ಟವೆಲ್ ತಂದು ನನ್ನ ಕೈಗೆ ಕೊಟ್ಟರು, ಅಷ್ಟೇ.

ಆಸ್ಪತ್ರೆಯ ಕೌಂಟರಿನಲ್ಲಿ ಇನ್ನೊಂದು ಅಡ್ಡಿ. ಏನು ತೊಂದರೆ ಅಂತ ಗಟ್ಟಿಯಾಗಿ ಕೇಳಿದರು. ಹಿಂದೆ ನಾಲ್ಕು ಜನ ನಿಂತಿದ್ದರು. ನನಗೆ ಹೇಳಲು ಆಗಲಿಲ್ಲ. ಗಂಡ ಆ ಹಾಳೆಯನ್ನೇ ಕೌಂಟರ್ ಮೇಲೆ ಇಟ್ಟರು. ಓದಿದವರು ಮಾತಿಲ್ಲದೆ ಎದ್ದು ಗಾಲಿಕುರ್ಚಿ ತಂದರು. ನೀವೂ ಮೊದಲೇ ಒಂದು ಚೀಟಿ ಬರೆದಿಟ್ಟುಕೊಳ್ಳಿ: ಎಷ್ಟು ವಾರದ ಬಸಿರು, ಎರಡೂ ಮಾತ್ರೆಯ ಹೆಸರು, ತಾರೀಖು, ಗಂಟೆ, ರಕ್ತದ ಗುಂಪು, ಯಾವ ಔಷಧಿ ಆಗಿಬರುವುದಿಲ್ಲ. ಅದರ ಜೊತೆ ಸ್ಕ್ಯಾನ್ ವರದಿ, ರಕ್ತದ ವರದಿ, ಡಾಕ್ಟರ್ ಚೀಟಿ ಎಲ್ಲ ಒಂದೇ ಕವರಿನಲ್ಲಿ ಬಾಗಿಲ ಹತ್ತಿರ ಇರಲಿ. ಒಂದಿಷ್ಟು ದುಡ್ಡೂ ಇರಲಿ. ಮಾತ್ರೆಗೆ ಆದ ಖರ್ಚಿಗಿಂತ ಆ ಒಂದು ರಾತ್ರಿಯ ಖರ್ಚು ನಮಗೆ ಎಷ್ಟೋ ಪಟ್ಟು ಜಾಸ್ತಿ ಆಯಿತು. ನಾವು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಒಳಗೆ ನಾಡಿ ನೋಡಿದರು, 118. ಹಿಮೋಗ್ಲೋಬಿನ್ 9.1ಕ್ಕೆ ಇಳಿದಿತ್ತು. ಕೈಗೆ ಡ್ರಿಪ್ ಹಾಕಿ ಸ್ಕ್ಯಾನ್ ಮಾಡಿದರು. ಗರ್ಭಕೋಶದಲ್ಲಿ ಬಸಿರಿನ ಸ್ವಲ್ಪ ಅಂಶ ಉಳಿದುಕೊಂಡಿತ್ತು. ಅದು ಒಳಗಿರುವವರೆಗೆ ಗರ್ಭಕೋಶ ಸರಿಯಾಗಿ ಬಿಗಿದುಕೊಳ್ಳುವುದಿಲ್ಲ, ಬಿಗಿದುಕೊಳ್ಳದಿದ್ದರೆ ರಕ್ತ ನಿಲ್ಲುವುದಿಲ್ಲ ಅಂತ ಡಾಕ್ಟರ್ ಮುಷ್ಟಿ ಬಿಗಿದು ತೋರಿಸಿ ವಿವರಿಸಿದರು. ರಕ್ತ ಕಡಿಮೆ ಇದ್ದಿದ್ದರೆ ಇನ್ನೊಂದು ಡೋಸ್ ಮಿಸೊಪ್ರೊಸ್ಟಾಲ್ ಕೊಟ್ಟು ಕಾಯಬಹುದಿತ್ತಂತೆ. ನನ್ನ ಸ್ಥಿತಿಯಲ್ಲಿ ಕಾಯುವ ಹಾಗಿರಲಿಲ್ಲ.

ಒಪ್ಪಿಗೆ ಪತ್ರದಲ್ಲಿ ಓದಿ ಮುಂದೆ ಹೋಗಿದ್ದ ಆ ಸಾಲು ಆಗ ನೆನಪಾಯಿತು. ತುಂಬಾ ಹೆದರಿದ್ದೆ. ನಿಜಕ್ಕೂ ಆದದ್ದು ಇಷ್ಟು: ಗರ್ಭಕೋಶದ ಬಾಯಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ತೆಳುವಾದ ಕೊಳವೆ ಹಾಕಿ ಕೈಯಲ್ಲಿ ಹಿಡಿಯುವ ದೊಡ್ಡ ಸಿರಿಂಜಿನಂಥದ್ದರಿಂದ ಎಳೆದು ತೆಗೆದರು. ಹತ್ತು ನಿಮಿಷವೂ ಆಗಲಿಲ್ಲ. ನಡುವೆ ಒಂದೆರಡು ನಿಮಿಷ ಹೊಟ್ಟೆ ಜೋರಾಗಿ ಹಿಂಡಿತು. ಒಬ್ಬ ನರ್ಸ್ ನನ್ನ ಹೆಬ್ಬೆರಳು ಹಿಡಿದುಕೊಂಡು, ಉಸಿರು ಬಿಡಿ, ಬಿಡಿ ಅಂತಿದ್ದರು. ಅರ್ಧ ಗಂಟೆ ಬಿಟ್ಟು ಪ್ಯಾಡ್ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಕಲೆ. ಅಷ್ಟೇ. ರಕ್ತ ಕೊಡಿಸುವ ಪ್ರಸಂಗ ಬರಲಿಲ್ಲ.

ಮಾತ್ರೆ ತಗೊಂಡ ವಿಷಯ ಹೇಳಿದರೆ ಬೈತಾರೆ ಅಂತ ಹೆದರಿ ಮುಚ್ಚಿಡುವವರು ಇದ್ದಾರೆ. ನನಗೂ ಆ ಭಯ ಇತ್ತು. ಉಳಿದ ಅಂಶ ತೆಗೆಯುವ ಚಿಕಿತ್ಸೆ ತಾನಾಗಿಯೇ ಗರ್ಭ ಜಾರಿದವರಿಗೂ ಮಾತ್ರೆ ತಗೊಂಡವರಿಗೂ ಒಂದೇ. ಆದರೆ ಏನು ತಗೊಂಡಿರಿ, ಯಾವಾಗ ತಗೊಂಡಿರಿ ಅಂತ ಗೊತ್ತಿದ್ದರೆ ಅವರ ಕೆಲಸ ಬೇಗ ಆಗುತ್ತದೆ. ನನ್ನನ್ನು ಯಾರೂ ಬೈಯಲಿಲ್ಲ.

ಬೆಳಗಿನ ಜಾವ ಡ್ರಿಪ್ ಮುಗಿಯುವವರೆಗೆ ಆ ಡಾಕ್ಟರ್ ಹತ್ತಿರ ಬೇರೆ ಲಕ್ಷಣಗಳನ್ನೂ ಕೇಳಿಕೊಂಡೆ. ನನಗೆ ಬಾರದಿದ್ದರೂ ಓದುವ ನಿಮಗೆ ಬೇಕಾಗಬಹುದು. ಮಿಸೊಪ್ರೊಸ್ಟಾಲ್ ತಗೊಂಡು 24 ಗಂಟೆ ಆದರೂ ರಕ್ತವೇ ಬಾರದಿದ್ದರೆ, ಅಥವಾ ಬರೀ ಕಲೆ ಬಂದು ನಿಂತರೆ, ಸುಮ್ಮನಿರಬಾರದು. ಮಾತ್ರೆ ಕೆಲಸ ಮಾಡಿಲ್ಲ ಅಂತ ಇರಬಹುದು, ಬಸಿರು ನಾಳದಲ್ಲಿ ಇರಬಹುದು. ಒಂದೇ ಬದಿಯ ಜೋರು ಹೊಟ್ಟೆನೋವು, ಭುಜದ ತುದಿಯಲ್ಲಿ ನೋವು ಬಂದರೆ ಆ ಅನುಮಾನ ಇನ್ನೂ ಜಾಸ್ತಿ, ತಕ್ಷಣ ಹೋಗಬೇಕು. ಮಾತ್ರೆಯ ದಿನ ಚಳಿ, ಸ್ವಲ್ಪ ಜ್ವರ ಇದ್ದದ್ದೇ. 24 ಗಂಟೆ ಕಳೆದ ಮೇಲೂ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಮೇಲೆ ಇದ್ದರೆ ಸೋಂಕು ಇರಬಹುದು. ಕೆಟ್ಟ ವಾಸನೆಯ ಸ್ರಾವ, ಮಾತ್ರೆಗೂ ಜಗ್ಗದ ನೋವು, ಇವೂ ಅದೇ ಸೂಚನೆ. ಜ್ವರವೇ ಇಲ್ಲದೆ ಸೋಂಕು ಏರುವುದೂ ಅಪರೂಪಕ್ಕೆ ಉಂಟಂತೆ. ಒಂದು ದಿನ ಕಳೆದ ಮೇಲೂ ವಾಂತಿ, ಭೇದಿ, ಹೊಟ್ಟೆನೋವು, ವಿಪರೀತ ಸುಸ್ತು ಇದ್ದರೆ ಜ್ವರ ಬರಲಿ ಅಂತ ಕಾಯಬಾರದು.

ಮಧ್ಯಾಹ್ನ ಮನೆಗೆ ಬಂದೆವು. ಕಬ್ಬಿಣಾಂಶದ ಮಾತ್ರೆ, ಒಂದು ಕೋರ್ಸ್ ಆ್ಯಂಟಿಬಯಾಟಿಕ್. ಒಂದು ವಾರ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಮಗ ಎತ್ತಿಕೋ ಅಂತ ಕೈ ಚಾಚಿದಾಗ ಕೂತೇ ತಬ್ಬಿಕೊಳ್ಳುತ್ತಿದ್ದೆ.

ಮೂರನೇ ವಾರ ತಡೆಯಲಾರದೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿದೆ. ಎರಡು ಗೆರೆ ಬಂದವು. ಎದೆ ಧಸಕ್ ಅಂದಿತು. ಕ್ಲಿನಿಕ್‌ಗೆ ಫೋನ್ ಮಾಡಿದರೆ, ಹಾರ್ಮೋನ್ ಮೈಯಿಂದ ಇಳಿಯಲು ಸುಮಾರು ನಾಲ್ಕು ವಾರ ಬೇಕು, ಯಾಕೆ ಅವಸರ ಮಾಡಿದಿರಿ ಅಂದರು. ಐದನೇ ವಾರ ಮಾಡಿದಾಗ ಒಂದೇ ಗೆರೆ. ಇದರ ಜೊತೆ ಇನ್ನೊಂದು ಮಾತು: ಮುಟ್ಟು ಬರುವ ಮೊದಲೇ ಮತ್ತೆ ಬಸಿರಾಗಬಹುದು. ಎರಡು ವಾರದೊಳಗೇ ಅಂಡ ಬಿಡುಗಡೆ ಆಗುವುದುಂಟು. ಗರ್ಭನಿರೋಧಕದ ಬಗ್ಗೆ ಮೊದಲ ದಿನವೇ ಡಾಕ್ಟರ್ ಹತ್ತಿರ ಮಾತಾಡಿ.

ಮೊನ್ನೆ, ನಲವತ್ತನೇ ದಿನ, ಮುಟ್ಟಾದೆ. ಮೊದಲ ಕಲೆ ನೋಡಿದ ಕೂಡಲೇ ಕೈ ತಾನಾಗಿ ಹಾಳೆಯ ಕಡೆ ಹೋಯಿತು. ಬೆಳಿಗ್ಗೆ ಏಳಕ್ಕೆ ಒಂದು ಗೆರೆ. ಮಧ್ಯಾಹ್ನ ಒಂದಕ್ಕೆ ಒಂದು. ರಾತ್ರಿ ಮಲಗುವ ಮುಂಚೆ ಇನ್ನೊಂದು. ಇಡೀ ದಿನಕ್ಕೆ ಮೂರು. ಮೂರೂ ನೆಟ್ಟಗಿವೆ.